ಗರಗಸದ ಮುಂದಿನ ಸ್ಟೂಲು

ಮಾರ್ಚ್ ೯, ಸೋಮವಾರ, ರಾತ್ರಿ

ಮರದ ಗಡಿಯಾರ ಮಾಡಲು ಮೊದಲು ಯಾವ ಯಂತ್ರ ಕೊಳ್ಳಬೇಕೆಂಬ ತಲೆನೋವು ಇವತ್ತು ಮುಗಿಯಿತು. ಮುಗಿಸಿದವನು ಮಾತ್ರ ನಾನಲ್ಲ.

ಯಂತ್ರದ ಅಂಗಡಿಯಲ್ಲಿ ನಾನು ದೊಡ್ಡ ಮೇಜುಗರಗಸದ ಮೇಲೆ ಕಣ್ಣಿಟ್ಟಿದ್ದೆ. ನೋಡಲು ಗತ್ತಾಗಿತ್ತು. ಅಂಗಡಿಯವನು, "ಗಡಿಯಾರದ ಚಕ್ರದ ಹಲ್ಲು ಕೊಯ್ಯೋಕೆ ಅದು ಆಗಲ್ಲ ಸಾರ್, ಇದನ್ನ ನೋಡಿ," ಎಂದು ದಾರದಷ್ಟು ತೆಳು ಅಲಗಿನ ಸ್ಕ್ರಾಲ್ ಗರಗಸ ತೋರಿಸಿ, ಕೊಯ್ದು ನೋಡಲು ಒಂದು ಚೂರು ಹಲಗೆ ಕೊಟ್ಟ. ನಾನು ತಳ್ಳಿದ ರಭಸಕ್ಕೆ ಅಲಗು ಪಟ್ಟನೆ ಮುರಿಯಿತು.

ಜೊತೆಗೆ ಬಂದಿದ್ದ, ಜೀವಮಾನವಿಡೀ ಬಟ್ಟೆ ಹೊಲಿದ ನನ್ನಾಕೆಗೆ ತಡೆಯಲಾಗಲಿಲ್ಲ. "ಸ್ವಲ್ಪ ಸರ್ಕೊಳ್ಳಿ. ತಳ್ಳಬಾರ್ದು ರೀ, ತಿರುಗಿಸ್ಬೇಕು. ಕಾಲರ್ ಹೊಲಿಯೋ ಹಾಗೆ."

ಹೊಸ ಅಲಗು ಹಾಕಿಸಿ ಕೂತಳು. ಅವಳ ಬೆರಳ ಕೆಳಗೆ ಹಲಗೆ ಬಟ್ಟೆಯಂತೆ ತಿರುಗಿ, ಹಲ್ಲುಗಳು ಸಾಲಾಗಿ ಮೂಡಿದವು. ಆಮೇಲೆ ಅಂಗಡಿಯವನು ಹೇಳಿದ್ದೆಲ್ಲ ಅವಳಿಗೇ. ನಾನು ಕೊಂಡ ಗರಗಸದ ಡಬ್ಬ ಹೊರಲು ಬಂದವನು!

ನಗು ಬರುತ್ತಿದೆ, ಒಳಗೆ ಸ್ವಲ್ಪ ಉರಿಯೂ ಇದೆ. ನಿವೃತ್ತಿಯಾದ ಮೇಲೆ ನನ್ನದೇ ಅಂತ ಒಂದು ಕೆಲಸ ಬೇಕಿತ್ತು. ದಾರಿಯಲ್ಲಿ ಹಾಗಂದಿದ್ದಕ್ಕೆ, "ಇದೆಯಲ್ಲ, ಮರಳು ಕಾಗದ ಉಜ್ಜೋದು," ಅಂದಳು.

ಈಗ ದೀಪ ಆರಿಸಲು ಎದ್ದಾಗ ನೋಡಿದೆ. ಹೊಲಿಗೆ ಯಂತ್ರದ ಮುಂದಿನ ಅವಳ ಸ್ಟೂಲು ಆಗಲೇ ಗರಗಸದ ಮುಂದೆ ಬಂದಿದೆ. ಅದಕ್ಕೆ ಅಂಟಿದಂತೆ ನನ್ನ ಕುರ್ಚಿಯನ್ನೂ ಎಳೆದಿಟ್ಟಿದ್ದಾಳೆ.