ಬಾಗಿಲ ಹಿಂದಿನ ಗೂಟ

ರುಂಫಿ,
ಜೂನ್ 22, 2018, ಶುಕ್ರವಾರ

ಪ್ರೀತಿಯ ಅಮ್ಮಾ,

ಮೊಣಕಾಲು ನೋವು ಹೇಗಿದೆ? ಈ ಚಳಿಯಲ್ಲೂ ಬೆಳಗಾಗುತ್ತಲೇ ಸರೋವರದ ದಂಡೆಗೆ ಮೀನು ಹರವಲು ಹೋಗುತ್ತಿರುತ್ತೀಯ. ಬೇಡವೆಂದರೆ ಕೇಳುವವಳಲ್ಲ ನೀನು, ಕಾಲಿಗೆ ಬಟ್ಟೆಯಾದರೂ ಸುತ್ತಿಕೋ. ನೀನು ಕಳಿಸಿದ ಒಣ ಉಸಿಪಾ ಮೀನು ಬಂತು. ಬಸ್ಸಿನವರು ಅದರ ವಾಸನೆಗೆ ಗೊಣಗಿದರಂತೆ, ಗೊಣಗಲಿ ಬಿಡು. ಮರಗೆಣಸಿನ ಮುದ್ದೆಯ ಜೊತೆ ಮೂರು ದಿನ ಹೊಟ್ಟೆ ತುಂಬ ತಿಂದೆ. ನೀನು ಬೆರಳಿಟ್ಟು ನಿಧಾನವಾಗಿ ಓದುತ್ತೀಯೆಂದು ದೊಡ್ಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ.

ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೊನೆಯ ಹಾಳೆ ತಿರುವಿ ನೋಡುತ್ತೀಯ. ನಾನು ಗೆದ್ದೆ ಅಮ್ಮಾ. ಕೆಲಸ ಉಳಿಯಿತು.

ಹೋದ ವರ್ಷ ನಾನು ಊರಿಗೆ ಬಂದು ಎರಡು ದಿನ ಮಾತಾಡದೆ ಮಲಗಿದ್ದು ನೆನಪಿದೆಯಾ? ಏನಾಯಿತೆಂದು ಆಗ ಹೇಳಿರಲಿಲ್ಲ, ಈಗ ಹೇಳಲು ನಾಚಿಕೆಯಿಲ್ಲ. ಜನ ಫೋನಿನಲ್ಲಿ ತೆರೆದು ನೋಡುತ್ತಾರಲ್ಲ, ಅಂಥ ಪುಟಗಳನ್ನು ಕಟ್ಟುವುದನ್ನು ನಾನು ಮೊದಲ ವರ್ಷದವರಿಗೆ ಕಲಿಸುತ್ತೇನೆ. ಪುಟದಲ್ಲಿ ಕಾಣುವ ಚಿತ್ರ ನಿಜವಾಗಿ ಪುಟದೊಳಗೆ ಇರುವುದಿಲ್ಲ. ಚಿತ್ರ ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಅಲ್ಲಿ ಬರೆದಿರುತ್ತೇವೆ. ನಮ್ಮವರ ಅಭ್ಯಾಸ ನಿನಗೆ ಗೊತ್ತಲ್ಲ, ಹೆಸರು ಕೇಳಿದರೆ ಹಳ್ಳಿ, ಹಳ್ಳಿಯ ಮುಖ್ಯಸ್ಥ, ಜಿಲ್ಲೆ ಎಲ್ಲ ಒಪ್ಪಿಸದೆ ಬಿಡುವುದಿಲ್ಲ. ಅದೇ ಅಭ್ಯಾಸದಲ್ಲಿ ಮಕ್ಕಳು ಚಿತ್ರದ ವಿಳಾಸವನ್ನೂ ತಮ್ಮ ತಮ್ಮ ಕಂಪ್ಯೂಟರಿನ ಮೂಲೆ ಮುಡುಕು ಸಮೇತ ಬರೆದಿದ್ದರು. ಅವರವರ ಯಂತ್ರದಲ್ಲಿ ಎಲ್ಲವೂ ಚೆನ್ನಾಗಿ ಕಂಡಿತು, ನಾನೂ ಶಭಾಷ್ ಎಂದೆ. ಪ್ರದರ್ಶನದ ದಿನ ಸಭಾಂಗಣದ ಕಂಪ್ಯೂಟರಿಗೆ ಹಾಕಿದರೆ ಆ ವಿಳಾಸಗಳೇ ಅಲ್ಲಿಲ್ಲ, ನಲವತ್ತು ಪುಟಗಳಲ್ಲೂ ಚಿತ್ರವಿರಬೇಕಾದ ಕಡೆ ಬರೀ ಖಾಲಿ ಚೌಕ. ನಮ್ಮ ಕಾಲೇಜಿನ ಡೀನ್ ಕುಮ್ವೆಂಡಾ ಎಲ್ಲರೆದುರು, "ಏನ್ ಮೇಡಂ, ಚೌಕಟ್ಟಿನ ಅಂಗಡಿ ಇಟ್ಟಿದೀರಾ?" ಎಂದರು. ಇನ್ನೊಂದು ವರ್ಷ ನೋಡುತ್ತೇವೆ, ಮತ್ತೆ ಹೀಗಾದರೆ ಈ ಪಾಠ ಬೇರೆಯವರಿಗೆ ಎಂದೂ ಹೇಳಿದರು.

ಊರಲ್ಲಿ ಮಲಗಿದ್ದ ಆ ಎರಡನೆಯ ದಿನ ನೀನು, ನಮ್ಮ ಹೆಂಗಸರೆಲ್ಲ ಮಾಡುವ ಹಾಗೆ, ಸಾವಿನ ಮನೆಯಲ್ಲಿ ಅಡುಗೆ ಮಾಡಿಕೊಡಲು ಹೊರಟು ಬುಟ್ಟಿ ತುಂಬುತ್ತಿದ್ದೆ. ಹಿಟ್ಟು, ಪಾತ್ರೆ, ಸೌಟು, ಉಪ್ಪು. ಮಲಗಿದ್ದಲ್ಲಿಂದಲೇ ನೋಡುತ್ತಿದ್ದವಳಿಗೆ ಹತ್ತು ವರ್ಷದವಳಿದ್ದಾಗ ತಿಂದ ಬೈಗುಳ ನೆನಪಾಯಿತು. ಚಿಟಿಂಬಾದ ಸಾವಿನ ಮನೆಯಲ್ಲಿ ನೀನು ಸೌಟು ಕೇಳಿದೆ. ಬಾಗಿಲ ಹಿಂದಿನ ಗೂಟದಲ್ಲಿದೆ ಎಂದು ನಾನು ಜಾಣೆಯ ಹಾಗೆ ಉತ್ತರ ಕೊಟ್ಟೆ. ಆಗ ನೀನು ಹತ್ತು ಹೆಂಗಸರ ಮುಂದೆ ಹೇಳಿದ್ದು: "ನಮ್ಮನೆ ಗೂಟ ಇವರ ಮನೇಲಿದ್ಯೇನೇ? ಬೇಕಾಗಿದ್ದೆಲ್ಲ ಒಂದೇ ಬುಟ್ಟೀಲಿ ಇರ್ಬೇಕು. ಕೇಳಿದ್ರೆ ಬುಟ್ಟೀಲಿ ಎಲ್ಲಿದೆ ಅಂತ ಹೇಳು, ಮನೇಲಿ ಎಲ್ಲಿದೆ ಅಂತಲ್ಲ." ಅಮ್ಮಾ, ಒಂದು ಇಡೀ ವರ್ಷ ನಾನು ಕಲಿಸಲಾಗದೆ ಹೋದ ಪಾಠವನ್ನು ನೀನು ಇಪ್ಪತ್ತು ವರ್ಷದ ಹಿಂದೆಯೇ ಹೇಳಿ ಮುಗಿಸಿದ್ದೆ. ಹಾಸಿಗೆಯಿಂದ ಎದ್ದು ಕೂತೆ.

ಈ ವರ್ಷದ ಮೊದಲ ತರಗತಿಗೆ ಕಂಪ್ಯೂಟರ್ ಮುಟ್ಟಲಿಲ್ಲ. ಬುಟ್ಟಿ, ಪಾತ್ರೆ, ಸೌಟು, ಹಿಟ್ಟು ಹೊತ್ತುಕೊಂಡು ಹೋದೆ. ಸುಜ್ಗೊ ಎಂಬ ಹುಡುಗನಿದ್ದಾನೆ, ಬಾಯಿಗೆ ಬೀಗವಿಲ್ಲ. "ಮೇಡಂ, ಯಾರು ಹೋಗ್ಬಿಟ್ರು?" ಎಂದು ಕೇಳಿದ. "ಹೋದ ವರ್ಷದ ನಲವತ್ತು ಪುಟ ಕಣಪ್ಪಾ," ಎಂದೆ. ತರಗತಿಯೇ ನಕ್ಕಿತು. ಆಮೇಲೆ ನಿನ್ನ ಹೆಸರು ಹೇಳಿ ಆ ಸೌಟಿನ ಕಥೆ ಹೇಳಿದೆ. ಯಾರೂ ನಗಲಿಲ್ಲ, ಯಾಕೆಂದರೆ ಬುಟ್ಟಿಗೆ ಏನಾದರೂ ಹಾಕಲು ಮರೆತು ಬಂದ ಅವಮಾನ ಅಲ್ಲಿನ ಪ್ರತಿ ಹುಡುಗಿಗೂ ಗೊತ್ತಿತ್ತು, ಹುಡುಗರು ತಮ್ಮ ತಾಯಂದಿರ ಬಾಯಲ್ಲಿ ಕೇಳಿದ್ದರು. ಪುಟ, ಚಿತ್ರ, ಬಣ್ಣದ ವಿವರ ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿಟ್ಟು, ಬುಟ್ಟಿಯೊಳಗಿನ ವಿಳಾಸವನ್ನಷ್ಟೇ ಬರೆಯುವುದನ್ನು ಒಂದೇ ವಾರದಲ್ಲಿ ಕಲಿತರು.

ನಿನ್ನೆ ಪ್ರದರ್ಶನ. ಡೀನ್ ಹಟ ಹಿಡಿದು ಕಚೇರಿಯ ಒಂದು ಮುದಿ ಕಂಪ್ಯೂಟರನ್ನೇ ತರಿಸಿದರು. ಮೊದಲು ಟಿವೊಂಗೆಯ ಪುಟ. ಅವಳು ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿ, ದೋಣಿ ಕೊರೆಯುವ ತನ್ನ ಚಿಕ್ಕಪ್ಪನ ಮೇಲೆ ಬರೆದಿದ್ದಳು. ಅಕ್ಷರಗಳು ಬಂದವು. ಚಿತ್ರದ ಜಾಗದಲ್ಲಿ ಅದೇ ಹಾಳು ಚೌಕ. ಆಮೇಲೆ ಮೇಲಿನಿಂದ ಒಂದೊಂದೇ ಎಳೆಯಾಗಿ ಆಕಾಶ, ನೀರು, ದೋಣಿಯ ಮೂತಿ, ಕೊನೆಗೆ ಉಳಿ ಹಿಡಿದ ಚಿಕ್ಕಪ್ಪ! ಹಿಂದಿನ ಸಾಲಿನ ಹುಡುಗಿಯರು ಮದುವೆಮನೆಯ ಹಾಗೆ ನಾಲಿಗೆ ಹೊರಳಿಸಿ ಕೂಗು ಹಾಕಿದರು. ಈ ವರ್ಷದ ಮೂವತ್ತೆಂಟು ಪುಟಗಳೂ ಹಾಗೇ ತೆರೆದುಕೊಂಡವು, ಒಂದೂ ತಪ್ಪಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಡೀನ್ ಎದ್ದು ಬಂದು ಕೈಕುಲುಕಿ, ಈ ಪಾಠ ಇನ್ನು ನಿಮ್ಮದೇ ಎಂದರು. ಮಕ್ಕಳು ತಮ್ಮ ಎಲ್ಲ ಪುಟಗಳನ್ನೂ ಇಟ್ಟಿದ್ದ ಜಾಗಕ್ಕೆ, ನನಗೂ ಹೇಳದೆ, ‘ನ್ಯಾನ್ಯಿರೊಂಗೊ ಅವರ ಬುಟ್ಟಿ’ ಎಂದು ನಿನ್ನ ಹೆಸರಿಟ್ಟಿದ್ದರು. ಇವರು ಯಾರು ಎಂದು ಡೀನ್ ಕೇಳಿದರು. ಸುಜ್ಗೊ ನೆಟ್ಟಗೆ ನಿಂತು ಹೇಳಿದ: "ನಮ್ಮ ಮೇಡಂಗೆ ಇದನ್ನೆಲ್ಲ ಕಲಿಸಿದೋರು ಸರ್."

ಚರ್ಚಿನ ಹೆಂಗಸರಿಗೆಲ್ಲ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನ ಕಾಲಿಗೆ ಬಲ ಕೊಡಲಿ, ನನಗೆ ನಿನ್ನ ಬಾಯಿ ಕೊಟ್ಟಿದ್ದಾನೆ, ಅಷ್ಟು ಸಾಕು.

ನಿನ್ನ ಮಗಳು,
ಲುಸುಂಗು

ಮರೆತಿದ್ದೆ: ಬಸ್ಸು ಹೊರಡುತ್ತಿದೆ, ಬೇಗ ಬರೆಯುತ್ತೇನೆ. ಇದರ ಜೊತೆ ಮುದ್ರೆ ಒತ್ತಿದ ಒಂದು ಲಕೋಟೆ ಇದೆ, ಡೀನ್ ಕೊಟ್ಟಿದ್ದು. ಜುಲೈ ಒಂಬತ್ತರಂದು ಹೊಸ ತಂಡಕ್ಕೆ ಮೊದಲ ಪಾಠ ನೀನೇ ಮಾಡಬೇಕಂತೆ. ಸುಜ್ಗೊ ಮಾತು ಕೇಳಿ, ಲಕೋಟೆಯ ಮೇಲೆ ನಿನ್ನ ಹೆಸರಿನ ಮುಂದೆ ‘ಡಾಕ್ಟರ್’ ಎಂದು ಹಾಕಿದ್ದಾರೆ. ನೀನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ಎನ್ನಲು ಬಾಯಿ ತೆರೆದೆ, ಹಾಗೇ ಮುಚ್ಚಿಕೊಂಡೆ. ಅದನ್ನು ಬೇಕಿದ್ದರೆ ನೀನೇ ತರಗತಿಯಲ್ಲಿ ನಿಂತು ಹೇಳು. ಬರುವಾಗ ಸೌಟು ಬುಟ್ಟಿಯಲ್ಲಿದೆಯಾ ಎಂದು ನೋಡಿಕೋ. ಇಲ್ಲಿಗೆ ಬಂದಮೇಲೆ ಬಾಗಿಲ ಹಿಂದಿನ ಗೂಟದಲ್ಲಿದೆ ಎಂದರೆ ನಾನು ಕೇಳುವವಳಲ್ಲ.