ಕೆಂಚಪ್ಪನ ಬಿ.ಪಿ.

ಗುರುವಾರ, ಜನವರಿ 23

ಮಹಾನಂದ ಇವತ್ತು ನನಗೆ ಕೈ ಮುಗಿದಳು. ಅದನ್ನೇ ಸಹಿಸಲಾಗುತ್ತಿಲ್ಲ.

ತ್ಯಾಗರಾಜನಗರದ ನಮ್ಮ ಹಿರಿಯರ ಕೇಂದ್ರದಲ್ಲಿ ವ್ಯಾಯಾಮಕ್ಕೆ ಮುಂಚೆ ಎಲ್ಲರ ಬಿ.ಪಿ. ನೋಡಿ ಬರೆದಿಡುವವನು ನಾನು. ನೂರ ಅರವತ್ತು ದಾಟಿದವರು ಕುರ್ಚಿಯಲ್ಲಿ ಕೂತು ಕೈಕಾಲು ಆಡಿಸಬೇಕು, ಅಷ್ಟೇ. ಕೆಂಚಪ್ಪನಿಗೆ ಆ ಕುರ್ಚಿ ಕಂಡರೆ ಆಗುತ್ತಿರಲಿಲ್ಲ. ಮೊನ್ನೆ ಭಾನುವಾರ ನಡಿಗೆ ಸ್ಪರ್ಧೆಯ ದಿನ ಮಿಷನ್ ನೂರ ಎಂಬತ್ತೆಂಟು ತೋರಿಸಿತು.

"ನೂರ ಮೂವತ್ತೆಂಟು ಅಂತ ಬರ್ಕೊಳೋ ಮಾರಾಯ. ಎಲ್ಲರ ಮುಂದೆ ನನ್ನ ಕುರ್ಚೀಲಿ ಕೂರಿಸ್ಬೇಡ" ಎಂದ.

ಬರೆದೆ. ಹಾಗೆ ಬರೆದದ್ದು ಅದೇ ಮೊದಲೂ ಅಲ್ಲ. ಪಾರ್ಕಿನ ಮೂರನೇ ಸುತ್ತಿನಲ್ಲಿ ಬಿದ್ದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಇವತ್ತು ಅವನ ಮಗಳು ಮಹಾನಂದ ಅವನ ಶೂ, ಮಂಕಿಕ್ಯಾಪು ಒಯ್ಯಲು ಬಂದವಳು ಬಿ.ಪಿ. ಪುಸ್ತಕ ಕೇಳಿದಳು. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿದಳು.

"ಎಲ್ಲಾ ನಾರ್ಮಲ್ಲೇ ಇತ್ತಲ್ಲ ಅಂಕಲ್! ನಾನು ಮಾತ್ರೆ ಸರಿಯಾಗಿ ಕೊಡ್ಲಿಲ್ವೇನೋ ಅಂತ ನಾಲ್ಕು ದಿನದಿಂದ ಸಾಯ್ತಿದ್ದೆ. ನೀವು ಎಷ್ಟು ಚೆನ್ನಾಗಿ ನೋಡ್ಕೊಂಡಿದೀರ ಅಪ್ಪನ್ನ" ಎಂದು ಕೈ ಮುಗಿದಳು.

ನಾನೂ ಕೈ ಮುಗಿದೆ. ಮಿಷನ್ನಿನ ಪಟ್ಟಿ ಸುತ್ತತೊಡಗಿದೆ.

ನಿಜ ಹೇಳಿದರೆ ಆ ಹುಡುಗಿಯ ನೆಮ್ಮದಿ ಹಾಳಾದೀತು ಎಂದು ಸುಮ್ಮನಾದೆ, ಎಂದು ಮೇಲೆ ಬರೆದು ಹೊಡೆದು ಹಾಕಿದ್ದೇನೆ. ಈ ದಿನಚರಿಯಲ್ಲೂ ಸುಳ್ಳು ಬರೆಯಲೇ? ಹೆದರಿ ಸುಮ್ಮನಾದೆ.

ನೂರ ಎಂಬತ್ತೆಂಟು ಇತ್ತು.