ಮೂರು ಬೆರಳಿನ ಸುಳ್ಳು

ಅತ್ತಿಗೆಗೆ ನಮಸ್ಕಾರ.

ಮೊನ್ನೆ ತೀರಿಹೋದ ಅಣ್ಣನ ಹಳೇ ಕೋವಿ ಕೊಳ್ಳಲು ಬಂದಾಗ ನನ್ನ ಜೇಬಿನಲ್ಲಿದ್ದದ್ದು ನೀವು ಹೇಳಿದ ಬೆಲೆಯ ಅರ್ಧ ಮಾತ್ರ. ಚಪಲಕ್ಕೇನು ಕಡಿಮೆಯಿರಲಿಲ್ಲ. ಮದ್ದು ಜಡಿಯುವ ಕೋಲನ್ನು ನಳಿಗೆಯೊಳಗೆ ಇಳಿಬಿಟ್ಟೆ. ಅಣ್ಣ ಅದರ ಮೇಲೆ ಕೊರೆದಿದ್ದ ಗುರುತು ನಳಿಗೆಯ ಬಾಯಿಗಿಂತ ಮೂರು ಬೆರಳು ಮೇಲೆಯೇ ನಿಂತಿತು.

"ಒಳಗೆಲ್ಲ ತುಕ್ಕು ಹಿಡಿದುಬಿಟ್ಟಿದೆ ಅತ್ತಿಗೆ, ಕೋಲೇ ಇಳೀತಿಲ್ಲ" ಅಂದೆ.

"ಅವರ ಕೈಕೆಳಗೆ ಕೋವಿ ಹಿಡಿಯೋದು ಕಲಿತವನು ನೀನು, ನಿನಗೆ ಗೊತ್ತಿಲ್ದೇ ಇರುತ್ತಾ?" ಎಂದು ಅರ್ಧಕ್ಕೇ ಕೊಟ್ಟುಬಿಟ್ಟಿರಿ. ಗುಂಡಿನ ಡಬ್ಬಿಯನ್ನೂ ಸುಮ್ಮನೆ ಕೊಟ್ಟಿರಿ. ಮೇಲೆ ಕಾಫಿ ಬೇರೆ.

ಅದು ತುಕ್ಕಲ್ಲ ಅತ್ತಿಗೆ. ಕೋವಿ ಖಾಲಿಯಿದ್ದರೆ ಆ ಗುರುತು ನಳಿಗೆಯ ಬಾಯಿಗೆ ಸಮನಾಗಿ ನಿಲ್ಲುತ್ತದೆ; ಮೇಲೆ ನಿಂತರೆ ಕೋವಿ ತುಂಬಿದೆ ಎಂದರ್ಥ. ಅದು ನನಗೆ ಆಗಲೇ ಗೊತ್ತಿತ್ತು. ಕಲಿಸಿದವನು ಅಣ್ಣನೇ.

ಮನೆಗೆ ತಂದು ಜೋಪಾನವಾಗಿ ಖಾಲಿ ಮಾಡಿದೆ. ಬಟ್ಟೆಯ ಚಿಂದಿ ಬಂತು, ಮದ್ದು ಬಂತು, ಗುಂಡು ಮಾತ್ರ ಇರಲಿಲ್ಲ. ನೀವು ಕೊಟ್ಟ ಗುಂಡಿನ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದ ಅಂಗಡಿ ಚೀಟಿಯನ್ನೂ ಅಣ್ಣ ಹರಿದಿರಲಿಲ್ಲ. "ಇಷ್ಟು ವರ್ಷ ಬೇಟೆಗೆ ಹೋದ್ರು, ಒಂದು ಮೊಲ ತರಲಿಲ್ಲ" ಎಂದು ನಗುತ್ತಿದ್ದಿರಲ್ಲ, ಅವನ ಗುರಿ ತಪ್ಪಿದ್ದಲ್ಲ. ಅವನು ಯಾವ ಪ್ರಾಣಿಗೂ ಗುಂಡು ಹಾರಿಸಿದವನೇ ಅಲ್ಲ. ಇದನ್ನು ನಿಮಗೆ ತಿಳಿಸಬೇಕೆಂದರೆ ನನ್ನ ಸುಳ್ಳನ್ನೂ ಹೇಳಲೇಬೇಕಾಯಿತು.

ಉಳಿದರ್ಧ ಹಣ ಭಾನುವಾರ ತರುತ್ತೇನೆ. ಬಾಗಿಲಲ್ಲೇ ಇಸಿದುಕೊಳ್ಳಿ, ಒಳಗೆ ಕರೆಯಬೇಡಿ. ದಯವಿಟ್ಟು ಕಾಫಿ ಮಾಡಬೇಡಿ.

ಇಂತಿ,
'ಅಣ್ಣನ ಶಿಷ್ಯ' ಎಂದು ಬರೆಯಲು ಕೈ ಬಾರದ
ನಿಮ್ಮೂರಿನ ಬಡಗಿ